ಓದಿದ್ದು ಡೊಂಬಿವಲಿಯಲ್ಲಿ, ಡಿಗ್ರಿ ಮುಂಬಯಿಯದು

ಅಣ್ಣನ ಮಗಳ ಜೊತೆ ಒಂದು ಶನಿವಾರ ಫೋರ್ಟ್ ಕಡೆ ಹೋಗಿದ್ದೆ. ಕೆಲಸ ಮುಗಿಸಿ ಓವಲ್ ಮೈದಾನದ ಅಂಚಿನಲ್ಲಿ ಕೂತು ಭೇಲ್ ತಿನ್ನುತ್ತಿದ್ದೆವು. ಎದುರಿಗೆ ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಟವರ್. ಅವಳು ಡೊಂಬಿವಲಿಯ ಒಂದು ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಾಳೆ. ಟವರ್ ಕಡೆ ಕೈ ತೋರಿಸಿ ಕೇಳಿದಳು: "ಕಾಕಾ, ಇದರ ಒಳಗ ನಾ ಒಂದ್ ದಿನಾನೂ ಕೂತು ಪಾಠ ಕೇಳಿಲ್ಲ. ಇಲ್ಲಿಯ ಒಬ್ಬ ಸರ್ ಮುಖಾನೂ ನೋಡಿಲ್ಲ. ಮತ್ತ ಡಿಗ್ರಿ ಹ್ಯಾಂಗ ಇವರು ಕೊಟ್ರು?"

ಒಳ್ಳೆಯ ಪ್ರಶ್ನೆ. ಮುಂಬಯಿಯಲ್ಲಿ ಓದಿದ ಲಕ್ಷಾಂತರ ಮಕ್ಕಳು ಕೇಳಬಹುದಾದ ಪ್ರಶ್ನೆ. ನಮ್ಮ ಅಜ್ಜನೂ ಕೇಳಬಹುದಿತ್ತು. ಅವರು ವಿಜಾಪುರ ಜಿಲ್ಲೆಯವರು. ಮುಂಬಯಿ ಕಂಡವರೇ ಅಲ್ಲ. ಆದರೆ ಮನೆಯ ಟ್ರಂಕಿನಲ್ಲಿರುವ ಅವರ ಮೆಟ್ರಿಕ್ ಸರ್ಟಿಫಿಕೇಟಿನ ಮೇಲೆ ಬಾಂಬೆ ಯೂನಿವರ್ಸಿಟಿ ಎಂದೇ ಅಚ್ಚಾಗಿದೆ. ಆಗ ಮೆಟ್ರಿಕ್ ಪರೀಕ್ಷೆಯನ್ನೂ ವಿಶ್ವವಿದ್ಯಾಲಯವೇ ನಡೆಸುತ್ತಿತ್ತು. ಎಸ್.ಎಸ್.ಸಿ. ಬೋರ್ಡ್ ಬಂದಿದ್ದು ಸ್ವಾತಂತ್ರ್ಯದ ನಂತರ.

ಇದು ಅರ್ಥವಾಗಬೇಕಾದರೆ ಮೊದಲು ಒಂದು ಮಾತು ತಿಳಿದಿರಬೇಕು. ವಿಶ್ವವಿದ್ಯಾಲಯ ಎಂದಾಗ ನಾವು ಎರಡು ಬೇರೆ ಬೇರೆ ಕೆಲಸಗಳನ್ನು ಕೂಡಿಸಿ ಯೋಚಿಸುತ್ತೇವೆ. ಒಂದು, ಕಲಿಸುವುದು. ಇನ್ನೊಂದು, "ಇವನು ಕಲಿತಿದ್ದಾನೆ" ಎಂದು ಊರಿಗೆಲ್ಲ ಒಪ್ಪಿಗೆಯಾಗುವಂತೆ ಮುದ್ರೆ ಒತ್ತುವುದು. ಈ ಎರಡೂ ಒಂದೇ ಕಡೆ ಇರಬೇಕೆಂದೇನಿಲ್ಲ. ನಮ್ಮಲ್ಲಿ ಇರಲಿಲ್ಲ. ಈಗಲೂ ಬಹುಪಾಲು ಇಲ್ಲ.

ಕಲಿಸುವ ಕೆಲಸ ತುಂಬಾ ಹಳೆಯದು. ನಳಂದಾದ ಹೆಸರು ಎಲ್ಲರಿಗೂ ಗೊತ್ತು. 5ನೇ ಶತಮಾನದಲ್ಲಿ ಶುರುವಾದ ಆ ಮಹಾವಿಹಾರಕ್ಕೆ 7ನೇ ಶತಮಾನದಲ್ಲಿ ಚೀನಾದ ಹ್ಯೂಯೆನ್‌ತ್ಸಾಂಗ್ ಬಂದು ಓದಿದ. ನಳಂದಾ ಯಾಕೆ, ನಮ್ಮ ಅಜ್ಜನ ಜಿಲ್ಲೆಯಲ್ಲೇ ಸಾಲೋಟಗಿ ಇದೆ, ಇಂಡಿಯ ಹತ್ತಿರ. ಅಲ್ಲಿನ 945ರ ಶಾಸನ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಇರಲು ಮನೆಗಳಿದ್ದವು. ರಾತ್ರಿ ದೀಪದ ಎಣ್ಣೆಗೆಂದೇ ಹೊಲ ಬಿಟ್ಟುಕೊಟ್ಟಿದ್ದರು. ಕಲಬುರಗಿ ಕಡೆಯ ನಾಗಾವಿಯ ಘಟಿಕಾಸ್ಥಾನದಲ್ಲಿ, ಅಂದರೆ ವಿದ್ಯಾಕೇಂದ್ರದಲ್ಲಿ, 11ನೇ ಶತಮಾನಕ್ಕೇ ಪುಸ್ತಕ ನೋಡಿಕೊಳ್ಳುವವರಿದ್ದರು. ಅವರನ್ನು ಸರಸ್ವತೀ ಭಂಡಾರಿಗರು ಎಂದು ಕರೆಯುತ್ತಿದ್ದರು. ಲೈಬ್ರೇರಿಯನ್‌ಗೆ ಇದಕ್ಕಿಂತ ಚಂದದ ಹೆಸರು ನಾನು ಕೇಳಿಲ್ಲ.

ಇಲ್ಲೆಲ್ಲ ಕಲಿಸುವ ಕೆಲಸ ಭರ್ಜರಿಯಾಗಿ ನಡೆಯಿತು. ಆದರೆ ಇವತ್ತಿನ ಡಿಗ್ರಿ ಎಂಬ ಕಾಗದ ಹುಟ್ಟಿದ್ದು ಈ ಮನೆತನದಲ್ಲಲ್ಲ. ಅದರ ಬೇರು ಇಟಲಿಯ ಬೊಲೊನ್ಯಾದಲ್ಲಿದೆ, ಫ್ರಾನ್ಸಿನ ಪ್ಯಾರಿಸ್ಸಿನಲ್ಲಿದೆ.

ಬೊಲೊನ್ಯಾದ ಕತೆ ಮುಂಬಯಿ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿನ ವಿಶ್ವವಿದ್ಯಾಲಯ 1088ರಲ್ಲಿ ಶುರುವಾಯಿತು ಎಂದು ಸಂಪ್ರದಾಯವಾಗಿ ಹೇಳುತ್ತಾರೆ. ಯಾವ ರಾಜನೂ ಬಂದು ಅಡಿಗಲ್ಲು ಹಾಕಲಿಲ್ಲ. ಕಾನೂನು ಕಲಿಯಲು ದೂರದೂರದ ಹುಡುಗರು ಆ ಊರಿಗೆ ಬಂದರು. ಪರಊರು. ಮನೆ ಮಾಲೀಕರು ಬಾಡಿಗೆ ಏರಿಸುತ್ತಿದ್ದರು. ಒಬ್ಬನ ಸಾಲಕ್ಕೆ ಅವನ ಊರಿನ ಇನ್ನೊಬ್ಬನನ್ನು ಹಿಡಿಯುವ ಪದ್ಧತಿ ಇತ್ತು. ಕೇಳುವವರು ಯಾರೂ ಇಲ್ಲ. ಆಗ ಅವರು ಏನು ಮಾಡಿದರು? ನಮ್ಮವರು ಮುಂಬಯಿಗೆ ಬಂದು ಮಾಡಿದ್ದನ್ನೇ ಮಾಡಿದರು. ಊರುಊರಿನವರು ಸೇರಿ ಸಂಘ ಕಟ್ಟಿಕೊಂಡರು.

ಇಂಥ ಸಂಘಕ್ಕೆ ಲ್ಯಾಟಿನ್ ಭಾಷೆಯಲ್ಲಿ ಯೂನಿವರ್ಸಿತಾಸ್ ಎನ್ನುತ್ತಿದ್ದರು. ಬಡಗಿಗಳ ಸಂಘವೂ ಯೂನಿವರ್ಸಿತಾಸ್, ವಿದ್ಯಾರ್ಥಿಗಳ ಸಂಘವೂ ಯೂನಿವರ್ಸಿತಾಸ್. 'ವಿಶ್ವ'ಕ್ಕೂ ಅದಕ್ಕೂ ಸಂಬಂಧವಿಲ್ಲ. ನಾವು ವಿಶ್ವವಿದ್ಯಾಲಯ ಎಂದು ಮಾಡಿಕೊಂಡ ಮಾತು ಚೆನ್ನಾಗಿದೆ, ದೊಡ್ಡದಾಗಿದೆ. ಆದರೆ ಮೂಲದಲ್ಲಿ ಅದು ಜನರ ಗುಂಪಿನ ಹೆಸರು, ಕಟ್ಟಡದ್ದಲ್ಲ.

ಬೊಲೊನ್ಯಾದಲ್ಲಿ ವಿದ್ಯಾರ್ಥಿಗಳ ಸಂಘವೇ ಮೇಷ್ಟ್ರುಗಳನ್ನು ಇಟ್ಟುಕೊಳ್ಳುತ್ತಿತ್ತು. ಪಾಠಕ್ಕೆ ತಡವಾಗಿ ಬಂದರೆ ಮೇಷ್ಟ್ರಿಗೆ ದಂಡ. ಊರು ಬಿಟ್ಟು ಹೋಗಬೇಕೆಂದರೆ ವಿದ್ಯಾರ್ಥಿಗಳ ಅನುಮತಿ ಬೇಕು, ಜೊತೆಗೆ ವಾಪಸ್ ಬರುತ್ತೇನೆ ಎಂದು ಠೇವಣಿ ಇಡಬೇಕು! ಪ್ಯಾರಿಸ್ಸಿನಲ್ಲಿ ಇದು ಉಲ್ಟಾ. ಅಲ್ಲಿ ಸಂಘ ಕಟ್ಟಿದ್ದು ಮೇಷ್ಟ್ರುಗಳು. ಮುಂದೆ ಜಗತ್ತಿನಲ್ಲಿ ಜಾಸ್ತಿ ನಡೆದಿದ್ದು ಪ್ಯಾರಿಸ್ಸಿನ ಪದ್ಧತಿಯೇ.

ಡಿಗ್ರಿ ಬಂದಿದ್ದು ಈ ಸಂಘದ ಲೆಕ್ಕಾಚಾರದಿಂದ. ಉಡುಪಿ ಹೋಟೆಲ್ ನೆನಪು ಮಾಡಿಕೊಳ್ಳಿ. ಹುಡುಗ ಮೊದಲು ಕ್ಲೀನರ್ ಆಗಿ ಸೇರುತ್ತಾನೆ. ಆಮೇಲೆ ಅಡುಗೆಮನೆಯಲ್ಲಿ ಭಟ್ಟರ ಕೈಕೆಳಗೆ ನಿಲ್ಲುತ್ತಾನೆ. ವರ್ಷಗಳ ಮೇಲೆ ತಾನೇ ಭಟ್ಟನಾಗುತ್ತಾನೆ. ಆಗ ಯಾವ ಊರಿನ ಯಾವ ಹೋಟೆಲಿಗೆ ಹೋದರೂ ಒಲೆ ಅವನ ಕೈಗೆ ಕೊಡುತ್ತಾರೆ. ಯೂರೋಪಿನ ಮೇಷ್ಟ್ರುಗಳ ಸಂಘದಲ್ಲೂ ಹೀಗೇ ಇತ್ತು. ಬ್ಯಾಚಲರ್ ಎಂದರೆ ಅರ್ಧ ದಾರಿ ಬಂದವನು. ಮಾಸ್ಟರ್ ಅಥವಾ ಡಾಕ್ಟರ್ ಎಂದರೆ ತಾನೇ ಕಲಿಸಲು ಯೋಗ್ಯನಾದವನು. ಡಿಗ್ರಿ ಎಂದರೆ ಮೂಲದಲ್ಲಿ ಪಾಠ ಹೇಳುವ ಲೈಸೆನ್ಸ್. ಎಲ್ಲಿ ಬೇಕಾದರೂ ಪಾಠ ಹೇಳಬಹುದು ಎಂಬ ಲೈಸೆನ್ಸ್. ನಮ್ಮ ಹುಡುಗಿಯ ಬಿ.ಎ.ಯಲ್ಲಿ ಇವತ್ತಿಗೂ ಕೂತಿರುವ 'ಬಿ' ಆ ಅರ್ಧ ದಾರಿಯ ಗುರುತು.

ಇಲ್ಲಿ ಕಲಿಸುವವರೂ ಅವರೇ, ಮುದ್ರೆ ಒತ್ತುವವರೂ ಅವರೇ. ಹಾಗಾದರೆ ಎರಡೂ ಬೇರೆಯಾಗಿದ್ದು ಯಾವಾಗ? ಬೇರೆಯಾಗಿದ್ದು ಲಂಡನ್ನಿನಲ್ಲಿ, ಒಂದು ಜಗಳದಿಂದ.

ಇಂಗ್ಲೆಂಡಿನಲ್ಲಿ ಆಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳದ್ದೇ ದರ್ಬಾರು. ಅಲ್ಲಿ ಡಿಗ್ರಿ ಬೇಕೆಂದರೆ ಆಂಗ್ಲಿಕನ್ ಚರ್ಚಿನವರಾಗಿರಬೇಕಿತ್ತು. ಇದು ಬೇಡ ಎಂದು 1826ರಲ್ಲಿ ಲಂಡನ್ನಿನಲ್ಲಿ ಕೆಲವರು ಧರ್ಮ ಕೇಳದ ಕಾಲೇಜು ಶುರು ಮಾಡಿದರು. ಅದಕ್ಕೆ ಪೈಪೋಟಿಯಾಗಿ 1829ರಲ್ಲಿ ಚರ್ಚಿನ ಕಡೆಯವರು ಕಿಂಗ್ಸ್ ಕಾಲೇಜ್ ತೆರೆದರು. ಡಿಗ್ರಿ ಕೊಡುವ ಹಕ್ಕು ಯಾರಿಗೆ ಕೊಡಬೇಕು? ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಸಿಟ್ಟು. ಸರ್ಕಾರ ಇಬ್ಬರಿಗೂ ಕೊಡಲಿಲ್ಲ. 1836ರಲ್ಲಿ ಮೂರನೆಯ ಸಂಸ್ಥೆಯೊಂದನ್ನು ಮಾಡಿ ಅದಕ್ಕೆ ಲಂಡನ್ ವಿಶ್ವವಿದ್ಯಾಲಯ ಎಂದು ಹೆಸರಿಟ್ಟಿತು. ಅದು ಪಾಠ ಮಾಡುವುದಿಲ್ಲ. ಎರಡೂ ಕಾಲೇಜಿನ ಹುಡುಗರಿಗೆ ಪರೀಕ್ಷೆ ಇಟ್ಟು ಡಿಗ್ರಿ ಕೊಡುತ್ತದೆ, ಅಷ್ಟೇ.

ಅಲ್ಲಿನ ಮತಜಗಳ ತಣ್ಣಗೆ ಮಾಡಲು ಹೂಡಿದ ಉಪಾಯ ಇದು. ಇಪ್ಪತ್ತು ವರ್ಷದ ಒಳಗೆ ಹಡಗು ಹತ್ತಿ ನಮ್ಮ ಕಡೆ ಬಂತು. 1854ರಲ್ಲಿ, ಲಂಡನ್ನಿನಲ್ಲಿ ಕೂತು ಭಾರತದ ಆಡಳಿತದ ಮೇಲ್ವಿಚಾರಣೆ ನೋಡುತ್ತಿದ್ದ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ಆದೇಶಪತ್ರದಲ್ಲಿ, ಭಾರತದ ವಿಶ್ವವಿದ್ಯಾಲಯಗಳು ಲಂಡನ್ನಿನ ಮಾದರಿಯಲ್ಲಿರಲಿ ಎಂದಿತ್ತು. ಅದಕ್ಕೆ ಇಲ್ಲೂ ಕಾರಣಗಳಿದ್ದವು. ಮುಂಬಯಿಯಲ್ಲಿ ಸರ್ಕಾರಿ ಎಲ್ಫಿನ್‌ಸ್ಟನ್ ಇತ್ತು, ಮಿಷನರಿಗಳ ವಿಲ್ಸನ್ ಇತ್ತು, ಪುಣೆಯಲ್ಲಿ ಸಂಸ್ಕೃತ ಪಾಠಶಾಲೆಯಿಂದ ಬೆಳೆದ ಕಾಲೇಜಿತ್ತು. ಎಲ್ಲವನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬೇಕು. ಧರ್ಮದ ವಿಷಯಕ್ಕೆ ಕೈ ಹಾಕಬಾರದು. ಖರ್ಚಂತೂ ಕಡಿಮೆ ಇರಬೇಕು. 1857ರ ಜನವರಿಯಲ್ಲಿ ಕಲ್ಕತ್ತಾ, ಜುಲೈ 18ರಂದು ಮುಂಬಯಿ, ಸೆಪ್ಟೆಂಬರಿನಲ್ಲಿ ಮದ್ರಾಸ್. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದಿದ್ದ ವರ್ಷವೇ ಈ ಮೂರೂ ಹುಟ್ಟಿದವು.

ಖರ್ಚು ಎಷ್ಟು ಕಡಿಮೆ ಎಂದರೆ, ಮುಂಬಯಿ ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷಗಳಲ್ಲಿ ಸ್ವಂತ ಸೂರೇ ಇರಲಿಲ್ಲ. ಟೌನ್ ಹಾಲಿನಲ್ಲಿ ಕೆಲಸ ನಡೆಯುತ್ತಿತ್ತು. ಪಾಠವೇ ಮಾಡದವರಿಗೆ ತರಗತಿ ಯಾಕೆ ಬೇಕು, ಅಲ್ವಾ? ಕಾವಸ್‌ಜಿ ಜಹಾಂಗೀರ್ ರೆಡಿಮನಿ ಅವರ ದಾನದಿಂದ ಘಟಿಕೋತ್ಸವದ ಹಾಲ್ ಮುಗಿದಿದ್ದು 1874ರಲ್ಲಿ. ಹತ್ತಿಯ ವ್ಯಾಪಾರದಲ್ಲಿ ಹೆಸರಾದ ಪ್ರೇಮ್‌ಚಂದ್ ರಾಯ್‌ಚಂದ್ ಲೈಬ್ರರಿಗೂ ಗಡಿಯಾರದ ಗೋಪುರಕ್ಕೂ ಲಕ್ಷಗಟ್ಟಲೆ ಕೊಟ್ಟರು. 280 ಅಡಿಯ ಆ ಗೋಪುರ 1878ರಲ್ಲಿ ಮುಗಿಯಿತು. ಅದಕ್ಕೆ ಅವರು ಇಟ್ಟಿದ್ದು ತಮ್ಮ ತಾಯಿ ರಾಜಾಬಾಯಿಯ ಹೆಸರು. ಮೊದಲು ಕಟ್ಟಿದ ಎರಡು ಕಟ್ಟಡ ನೋಡಿ: ಒಂದು ಡಿಗ್ರಿ ಹಂಚಲು, ಇನ್ನೊಂದು ಪುಸ್ತಕ ಇಡಲು. ಅಣ್ಣನ ಮಗಳು ಆ ಟವರಿನ ಒಳಗೆ ಪಾಠ ಕೇಳಿಲ್ಲ ಎಂದರೆ ಅದರಲ್ಲಿ ಅಚ್ಚರಿಯಿಲ್ಲ. ಅದನ್ನು ಕಟ್ಟಿದ್ದೇ ಪಾಠಕ್ಕಲ್ಲ.

1862ರಲ್ಲಿ ಮೊದಲ ಬಿ.ಎ.ಗಳು ಹೊರಬಂದರು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಆ ಗುಂಪಿನವರು. ಅಲ್ಲಿಂದ ಈ ಮುದ್ರೆ ಹರಡಿದ ಜಾಗ ನೆನೆದರೆ ಬೆರಗಾಗುತ್ತದೆ. ಕರಾಚಿಯಿಂದ ಕಾರವಾರದ ತನಕ ಎಲ್ಲಿ ಓದಿದರೂ ಡಿಗ್ರಿ ಮುಂಬಯಿಯದು.

ಈ ಪದ್ಧತಿ ಹೇಗಿತ್ತು ಎನ್ನಲು ವಿಶ್ವೇಶ್ವರಯ್ಯನವರ ಉದಾಹರಣೆ ಸಾಕು. ಅವರು ಬಿ.ಎ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1881ರಲ್ಲಿ ಡಿಗ್ರಿ ಕೊಟ್ಟಿದ್ದು ಮದ್ರಾಸ್. ಇಂಜಿನಿಯರಿಂಗ್ ಓದಿದ್ದು ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ. 1883ರಲ್ಲಿ ಪರೀಕ್ಷೆ ಮಾಡಿದ್ದು ಮುಂಬಯಿ. ಎರಡು ಊರಲ್ಲಿ ಕಲಿತರು, ಇನ್ನೆರಡು ಊರಿನ ಕಾಗದ ಪಡೆದರು. ಅವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ರಾಜ್ಯದ ಹುಡುಗರ ಉತ್ತರಪತ್ರಿಕೆ ಮದ್ರಾಸಿಗೆ ಹೋಗುವುದು ಅಲ್ಲಿಗೆ ನಿಂತಿತು. ತಾವೇ ಹಾದುಬಂದ ದಾರಿಯಾದ್ದರಿಂದ ಅದರ ತೊಡಕು ಅವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು ಎಂದು ನನಗನಿಸುತ್ತದೆ.

ಮುಂಬಯಿ ಪ್ರಾಂತ್ಯದ ನಮ್ಮವರ ದಾರಿ ಇನ್ನೂ ಉದ್ದವಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದಿದ್ದು 1917ರಲ್ಲಿ. ಅದಕ್ಕೆ ಮೊದಲು ಡಿಗ್ರಿ ಬೇಕೆಂದರೆ ಪುಣೆಯ ಅಥವಾ ಮುಂಬಯಿಯ ರೈಲು ಹತ್ತಬೇಕು. ಬೇಂದ್ರೆಯವರು ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಆಲೂರು ವೆಂಕಟರಾಯರೂ ಪುಣೆಯಲ್ಲೇ ಓದಿದವರು. ಪುಣೆಗೆ ಆಗ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲ, ಅವರಿಗೂ ಸಿಕ್ಕಿದ್ದು ಮುಂಬಯಿಯ ಡಿಗ್ರಿಯೇ. ಕನ್ನಡ ನಾಡನ್ನು ಒಂದು ಮಾಡುವ ಕನಸು ಕಂಡವರಲ್ಲಿ ಎಷ್ಟೋ ಜನ ಮರಾಠಿ ಊರಿನ ಬಾಡಿಗೆ ಕೋಣೆಯಲ್ಲಿ ಓದಿ ಬಂದವರು. ಇದನ್ನು ನಾವು ಮರೆಯಬಾರದು.

ಪಾಠ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ. ಇದರಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು.

ಒಳ್ಳೆಯದು ಏನೆಂದರೆ, ಸಣ್ಣ ಊರಿನಲ್ಲಿ ನಾಲ್ಕು ಜನ ಸೇರಿ ಕಾಲೇಜು ತೆರೆದರೂ ಅಲ್ಲಿನ ಹುಡುಗನಿಗೆ ಎಲ್ಫಿನ್‌ಸ್ಟನ್ ಹುಡುಗನಿಗೆ ಸಿಕ್ಕುವ ಡಿಗ್ರಿಯೇ ಸಿಕ್ಕುತ್ತಿತ್ತು. ಪ್ರಶ್ನೆಪತ್ರಿಕೆ ಒಂದೇ. ತಿದ್ದುವವನಿಗೆ ಹುಡುಗನ ಊರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ. 1946ರಲ್ಲಿ ಡಾ. ಅಂಬೇಡ್ಕರ್ ಅವರು ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಶುರು ಮಾಡಿದಾಗ ಬೆಳಗಿನ ಹೊತ್ತು ತರಗತಿ ಇಟ್ಟರು. ಹಗಲು ದುಡಿಯುವವರು ಓದಲಿ ಎಂದು. ಫೋರ್ಟಿನ ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿ, ಬೆಳಗಿನ ಕಾಲೇಜಿನಲ್ಲಿ ಡಿಗ್ರಿ ಪಡೆದು ಬ್ಯಾಂಕು ಸೇರಿದ ಹಿರಿಯರನ್ನು ನಾನು ಕಂಡಿದ್ದೇನೆ. ಆ ದಾರಿ ತೆರೆದದ್ದು, ಎಲ್ಲಿ ಓದಿದೆ ಎನ್ನುವುದಕ್ಕಿಂತ ಪರೀಕ್ಷೆಯಲ್ಲಿ ಏನು ಬರೆದೆ ಎಂದು ನೋಡಿದ ಈ ಪದ್ಧತಿಯೇ.

ಕೆಟ್ಟದ್ದು ಏನೆಂದರೆ ಪರೀಕ್ಷೆಯೇ ಯಜಮಾನ ಆಯಿತು. ಪಾಠ ಹೇಳುವ ಮೇಷ್ಟ್ರಿಗೆ ಏನು ಕಲಿಸಬೇಕೆಂದು ಹೇಳುವ ಹಕ್ಕಿಲ್ಲ. ಪ್ರಶ್ನೆ ತೆಗೆಯುವವನಿಗೆ ಹುಡುಗರ ಮುಖ ಗೊತ್ತಿಲ್ಲ. ಪ್ರಶ್ನೆಯಲ್ಲಿ ಬಾರದ್ದನ್ನು ಓದುವವರಿಲ್ಲ. ಗೈಡ್, ನೋಟ್ಸ್, ಕ್ಲಾಸ್ ಎಂಬ ಇಡೀ ಪ್ರಪಂಚ ಬೆಳೆದಿದ್ದು ಈ ಬಿರುಕಿನಲ್ಲಿ. ಭಾಷೆಗಳ ಗತಿಯೂ ಇದೇ. 1860ರ ದಶಕದಲ್ಲಿ ದೇಶಭಾಷೆಗಳನ್ನು ಡಿಗ್ರಿಯಿಂದ ಹೊರಗಿಟ್ಟರು. ಅವು ಮರಳಿ ಬರಲಿ ಎಂದು ರಾನಡೆಯವರು ಕೊನೆಯ ತನಕ ವಾದಿಸಿದರು. ಪರೀಕ್ಷೆಯಲ್ಲಿ ಇಲ್ಲದ ಭಾಷೆಗೆ ಮೇಷ್ಟ್ರೂ ಇಲ್ಲ, ಪುಸ್ತಕವೂ ಇಲ್ಲ.

ಮುದ್ರೆ ಯಾರ ಕೈಯಲ್ಲಿದೆಯೋ ಅವರು ಹೇಳಿದ್ದೇ ವಿದ್ಯೆ. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಧೊಂಡೋ ಕೇಶವ ಕರ್ವೆ. ಹೆಣ್ಣುಮಕ್ಕಳಿಗೆ ಮಾತೃಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡಬೇಕೆಂದು ಅವರ ಆಸೆ. ಬರೀ ಕಾಲೇಜು ತೆರೆದರೆ ಮುಂಬಯಿಯ ಸಿಲಬಸ್ಸೇ ಗತಿ. ಅದಕ್ಕೆ ಅವರು 1916ರಲ್ಲಿ ಪುಣೆಯಲ್ಲಿ ವಿಶ್ವವಿದ್ಯಾಲಯವನ್ನೇ ತೆರೆದರು. ಸರ್ಕಾರದ ಮಾನ್ಯತೆ ಇಲ್ಲ, ಕೈಯಲ್ಲಿ ಹಣವೂ ಇಲ್ಲ. ಮುಂದೆ ವಿಠ್ಠಲದಾಸ ಠಾಕರ್ಸಿ 15 ಲಕ್ಷ ರೂಪಾಯಿ ಕೊಡುವ ಮಾತು ಕೊಟ್ಟರು. ಅವರ ತಾಯಿ ನಾಥೀಬಾಯಿಯ ಹೆಸರು ಬಂತು. ಅದೇ ಇವತ್ತಿನ ಎಸ್.ಎನ್.ಡಿ.ಟಿ. ಕಾನೂನಿನ ಮಾನ್ಯತೆ ಸಿಕ್ಕಿದ್ದು 1951ರಲ್ಲಿ. ಮೂವತ್ತೈದು ವರ್ಷ ಹುಡುಗಿಯರು, ಸರ್ಕಾರ ಒಪ್ಪದ ಡಿಗ್ರಿಗಾಗಿ, ಓದಿನ ಮೇಲಿನ ಪ್ರೀತಿಯಿಂದ ಅಲ್ಲಿಗೆ ಬಂದರು. ನನಗೆ ಇದು ಈ ಇಡೀ ಚರಿತ್ರೆಯ ಅತ್ಯಂತ ದೊಡ್ಡ ಸಂಗತಿ.

ಮಾನ್ಯತೆಯ ಈ ಆಟ ಆಕ್ಸ್‌ಫರ್ಡಿನಲ್ಲೂ ಇತ್ತು. ಕೊರ್ನೇಲಿಯಾ ಸೊರಾಬ್ಜಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ 1880ರ ದಶಕದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ ಆದರು. ಆಮೇಲೆ ಆಕ್ಸ್‌ಫರ್ಡಿಗೆ ಹೋಗಿ 1892ರಲ್ಲಿ ಕಾನೂನು ಪರೀಕ್ಷೆ ಬರೆದರು. ಹೆಣ್ಣು ಎಂಬ ಕಾರಣಕ್ಕೆ ಡಿಗ್ರಿ ಕೊಡಲಿಲ್ಲ. ಕೊಟ್ಟಿದ್ದು ಮೂವತ್ತು ವರ್ಷ ಕಳೆದು, 1922ರಲ್ಲಿ. ಹೆಣ್ಣುಮಕ್ಕಳಿಗೆ ಡಿಗ್ರಿ ಕೊಡುವುದರಲ್ಲಿ ಮುಂಬಯಿ ಆಕ್ಸ್‌ಫರ್ಡಿಗಿಂತ ಮುಂದಿತ್ತು.

ಇಷ್ಟರಲ್ಲಿ ಜರ್ಮನಿಯಿಂದ ಇನ್ನೊಂದು ವಿಚಾರ ಹರಡುತ್ತಿತ್ತು. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವನ್ನು ರೂಪಿಸಿದ ವಿಲ್ಹೆಲ್ಮ್ ಫಾನ್ ಹಂಬೋಲ್ಟ್, ಗೊತ್ತಿದ್ದನ್ನು ದಾಟಿಸಿದರೆ ಸಾಲದು, ಗೊತ್ತಿಲ್ಲದ್ದನ್ನು ಹುಡುಕುವುದೂ ಅಲ್ಲೇ ನಡೆಯಬೇಕು ಎಂದ. ಅಂದರೆ ಮೂರನೆಯ ಕೆಲಸ: ಸಂಶೋಧನೆ. ಇಲ್ಲಿ 1904ರ ಕಾಯಿದೆ ವಿಶ್ವವಿದ್ಯಾಲಯಗಳಿಗೆ ತಾವೇ ಪಾಠ ಮಾಡಲು ದಾರಿ ಬಿಟ್ಟಿತು. ಆದರೂ ಮುಂಬಯಿಯಲ್ಲಿ ಅದು ಕೈಗೂಡಲು 1919 ಬಂತು. ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ನಗರಯೋಜಕ ಇಲ್ಲಿ ಸಮಾಜಶಾಸ್ತ್ರದ ವಿಭಾಗ ಶುರು ಮಾಡಿದ. ಹುಟ್ಟಿ ಅರವತ್ತೆರಡು ವರ್ಷದ ಮೇಲೆ ವಿಶ್ವವಿದ್ಯಾಲಯ ತಾನೇ ಸೀಮೆಸುಣ್ಣ ಹಿಡಿಯಿತು. 1933ರಲ್ಲಿ ಕೆಮಿಕಲ್ ಟೆಕ್ನಾಲಜಿ ವಿಭಾಗ ಬಂತು. ಆಮೇಲೆ ಕಲಿನಾದಲ್ಲಿ ದೊಡ್ಡ ಕ್ಯಾಂಪಸ್ ಬೆಳೆಯಿತು. 1970ರ ದಶಕದ ಕೊನೆಗೆ ಕನ್ನಡ ವಿಭಾಗವೂ ಬಂದು, ಶ್ರೀನಿವಾಸ ಹಾವನೂರರಂಥ ವಿದ್ವಾಂಸರು ಅದನ್ನು ನಡೆಸಿದರು.

ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿಯ ಹರವು ಒಡೆಯತೊಡಗಿತು. ಸಿಂಧ್ 1947ರಲ್ಲಿ ಬೇರೆಯಾಯಿತು. 1949ರಲ್ಲಿ ಪುಣೆ, ಬರೋಡಾ, ಗುಜರಾತ್. ಅದೇ ವರ್ಷ ನಮ್ಮ ಕರ್ನಾಟಕ ವಿಶ್ವವಿದ್ಯಾಲಯ. ಇದು ಮುಂಬಯಿಯಲ್ಲೇ ಶುರುವಾಗಿ 1950ರಲ್ಲಿ ಧಾರವಾಡಕ್ಕೆ ಹೋಯಿತು ಎನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ತವರಿನಲ್ಲಿ ಹುಟ್ಟಿ ಅಪ್ಪನ ಮನೆಗೆ ಹೋದ ಕೂಸಿನ ಹಾಗೆ. ಗೋವೆಯ ಕಾಲೇಜುಗಳು ಇನ್ನೂ ಕೆಲವು ಕಾಲ ಮುಂಬಯಿಯ ಕೈಕೆಳಗಿದ್ದವು. ಅಲ್ಲಿ ಸ್ವಂತ ವಿಶ್ವವಿದ್ಯಾಲಯ ಆಗಿದ್ದು 1985ರಲ್ಲಿ.

ಇಷ್ಟು ಕಳಚಿಕೊಂಡ ಮೇಲೂ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ನೂರಾರು. ಪಾಲ್ಘರದಿಂದ ಸಿಂಧುದುರ್ಗದ ತನಕ. ಪ್ರತಿ ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಕೂತು ಸಿಲಬಸ್ ಮಾಡುತ್ತದೆ, ಎಲ್ಲ ಕಾಲೇಜೂ ಅದನ್ನೇ ಕಲಿಸುತ್ತವೆ. ಒಂದು ಕಡೆ ಫಲಿತಾಂಶ ತಡವಾದರೆ ಏಳು ಜಿಲ್ಲೆಯ ಮಕ್ಕಳು ಕಾಯಬೇಕು. ಈಚೆಗೆ ಕೆಲವು ಕಾಲೇಜುಗಳಿಗೆ ಸ್ವಾಯತ್ತತೆ ಸಿಕ್ಕಿದೆ. ಅವು ತಮ್ಮ ಸಿಲಬಸ್ ತಾವೇ ಮಾಡಿ, ತಾವೇ ಪರೀಕ್ಷೆ ನಡೆಸುತ್ತವೆ, ಡಿಗ್ರಿ ಮಾತ್ರ ವಿಶ್ವವಿದ್ಯಾಲಯದ್ದು. ಪವಯಿಯ ಐ.ಐ.ಟಿ. ಕತೆ ಬೇರೆ. ಅದು ಹೆಸರಿನಲ್ಲಿ ವಿಶ್ವವಿದ್ಯಾಲಯ ಅಲ್ಲ, ಆದರೂ ಸಂಸತ್ತಿನ 1961ರ ಕಾಯಿದೆಯಿಂದ ತನ್ನ ಡಿಗ್ರಿ ತಾನೇ ಕೊಡುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಹೀಗೆ ವಿಶ್ವವಿದ್ಯಾಲಯ ಕಾಲೇಜುಗಳನ್ನು ತನ್ನ ಕೈಕೆಳಗೆ ಇಟ್ಟುಕೊಳ್ಳುವ ಪದ್ಧತಿಯೇ ನಿಧಾನವಾಗಿ ಹೋಗಲಿ ಎನ್ನುತ್ತದೆ. ಚೆನ್ನಾಗಿ ಬೇರೂರಿದ ಕಾಲೇಜಿಗೆ ಇದು ಬಿಡುಗಡೆ. ಆದರೆ ಕೊಂಕಣದ ಯಾವುದೋ ತಾಲೂಕಿನ ಸಣ್ಣ ಕಾಲೇಜು ತನ್ನದೇ ಹೆಸರಲ್ಲಿ ಕೊಟ್ಟ ಕಾಗದವನ್ನು ಮುಂಬಯಿಯ ಆಫೀಸುಗಳು ಎಷ್ಟು ನಂಬುತ್ತವೆ? ನನ್ನ ಚಿಂತೆ ಆ ತಾಲೂಕಿನ ಹುಡುಗಿಯದು.

ಇಷ್ಟು ಹೇಳುವಷ್ಟರಲ್ಲಿ ಭೇಲ್ ಮುಗಿದು, ಮೈದಾನದಲ್ಲಿ ಕ್ರಿಕೆಟ್ ಆಡುವವರು ಸ್ಟಂಪ್ ಕೀಳುತ್ತಿದ್ದರು. ಚರ್ಚ್‌ಗೇಟ್ ಕಡೆ ನಡೆಯುತ್ತಾ ಅವಳು ಹೇಳಿದಳು, ತನಗೆ ಕಲಿನಾದಲ್ಲಿ ಎಂ.ಎ.ಗೆ ಸೀಟು ಸಿಕ್ಕಿದೆಯಂತೆ. ವಿಷಯ ಸಮಾಜಶಾಸ್ತ್ರ. ಗೆಡ್ಡೆಸ್ ಶುರು ಮಾಡಿದ ಅದೇ ವಿಭಾಗ.

"ಹಂಗಾದ್ರ ಕಾಕಾ," ಅಂದಳು, "ಸೋಮವಾರದಿಂದ ನನಗ ಡಿಗ್ರಿ ಕೊಟ್ಟವರೇ ಪಾಠಾನೂ ಹೇಳ್ತಾರ."